ತಂಬೂರಿ ಮ್ಯೂಟ್, ಮಾಸ್ತರ್ ಪಾಸ್

ಕೋವಿಡ್ ಕಾಲದಲ್ಲಿ ಸಂಗೀತ ಮಾಸ್ತರರಿಗೂ ಆನ್‌ಲೈನ್ ತರಬೇತಿ ನಡೆಯಿತಂತೆ. ಕೇಳಲಿಕ್ಕೆ ಇಂಪಾಗಿದೆ. ಅಪಸ್ವರ ಒಂದೇ: ಮಾಸ್ತರರು ಎಲ್ಲಿ?

ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಯಾವ ಊರಿಗಾದರೂ ಹೋಗಿ. ಸರಕಾರಿ ಶಾಲೆಯ ಗೇಟಿನಲ್ಲಿ ನಿಂತು ಕೇಳಿ: ‘ನಿಮ್ಮಲ್ಲಿ ಸಂಗೀತ ಕಲಸೋರು ಯಾರ್ರೀ?’ ಹೆಡ್‌ಮಾಸ್ತರರು ಬಹುಮಟ್ಟಿಗೆ ಮೊದಲು ಆಕಾಶ ನೋಡುತ್ತಾರೆ. ಆಮೇಲೆ ಪಿ.ಟಿ. ಸರ್ ಕಡೆ ನೋಡುತ್ತಾರೆ. ಅವರ ಕೊರಳಲ್ಲಿ ಸೀಟಿ ಇರುತ್ತದೆ. ಊದುವ ವಾದ್ಯ ತಾನೆ, ಸಾಕು.

ಕಡತದ ಭಾಷೆಯಲ್ಲಿ ಸಂಗೀತದವರು ‘ವಿಶೇಷ ಶಿಕ್ಷಕರು’. ವಿಶೇಷ ದಿನಗಳಲ್ಲಷ್ಟೇ ನೆನಪಾಗುವವರು ಎಂದರ್ಥ. ಆಗಸ್ಟ್ 15, ನವೆಂಬರ್ 1, ಮಂತ್ರಿ ಬರುವ ದಿನ. ಅವತ್ತು ಹಾರ್ಮೋನಿಯಂ ಪೇಟಿಯ ಮೇಲಿನ ಧೂಳು ಝಾಡಿಸಲಾಗುತ್ತದೆ. ಸ್ವಾಗತ ಗೀತೆ ಮುಗಿದ ಮೇಲೆ ಪೇಟಿ ಮತ್ತೆ ಸ್ಟೋರ್ ರೂಮಿಗೆ. ಬಿಸಿಯೂಟದ ಬೇಳೆ ಚೀಲದ ಪಕ್ಕಕ್ಕೆ.

ಚಿತ್ತಾಪುರಕ್ಕೆ ಹೊಂದಿಕೊಂಡೇ ನಾಗಾವಿ ಇದೆ. ಸಾವಿರ ವರ್ಷದ ಹಿಂದೆ ಅಲ್ಲೊಂದು ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ಇತ್ತು. 1058ರ ಶಾಸನದಲ್ಲಿ ಲೆಕ್ಕ ಕಲ್ಲಿನ ಮೇಲೆ ಕೂತಿದೆ. ಪಾಠ ಹೇಳುವ ಆಚಾರ್ಯರು ಬೇರೆ, ಬರೀ ಪುಸ್ತಕ ನೋಡಿಕೊಳ್ಳುವುದಕ್ಕೇ ಆರು ಮಂದಿ ಸರಸ್ವತೀ ಭಂಡಾರಿಗಳು ಬೇರೆ. ಅದನ್ನು ಸ್ಥಾಪಿಸಿದ ಚಾಲುಕ್ಯರ ಕಾಲದ ದಂಡನಾಯಕನಿಗೆ ವೆಬಿನಾರ್ ಗೊತ್ತಿರಲಿಲ್ಲ ಪಾಪ. ಅದಕ್ಕೇ ಮೊದಲು ಜನರನ್ನು ನೇಮಿಸಿದ.

ನಮ್ಮವರು ಹಾಗೆ ಮಾಡುವವರಲ್ಲ. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು. ಕಲ್ಯಾಣ ಆಯಿತಲ್ಲ, ಓಲಗದವರನ್ನು ಕರೆಯುವುದು ಮರೆತರು.

ಮುಂದೆ ಕೋವಿಡ್ ಬಂತು. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದು, 2020ರ ಮಾರ್ಚ್ 10. ಯಾವುದರಲ್ಲೂ ಮೊದಲ ನಂಬರು ಕಾಣದ ಜಿಲ್ಲೆಗೆ ಸಿಕ್ಕ ಮೊದಲ ನಂಬರು ಅದು. ಶಾಲೆಗಳಿಗೆ ಬೀಗ ಬಿತ್ತು. ಮುಂಬೈ, ಪುಣೆಗೆ ದುಡಿಯಲು ಹೋದ ತಾಂಡಾದ ಜನ ಮೇ ತಿಂಗಳಲ್ಲಿ ವಾಪಸು ಬಂದಾಗ ಬೀಗ ತೆಗೆದು ಅವರನ್ನು ಅಲ್ಲೇ ಕ್ವಾರಂಟೈನ್ ಮಾಡಿದರು. ಮಾಸ್ತರರನ್ನು ಕಾವಲಿಗೆ ಹಾಕಿದರು. ಚೆಕ್‌ಪೋಸ್ಟಿಗೆ ಹಾಕಿದರು. ಮನೆ ಮನೆ ಸರ್ವೇಗೂ ಹಾಕಿದರು.

ಇಷ್ಟೆಲ್ಲ ಮಾಡಿಯೂ ಮಾಸ್ತರರು ‘ಮನೆಯಲ್ಲಿ ಸುಮ್ಮನೆ ಕೂತಿದ್ದಾರೆ’ ಎಂದು ಯಾರಿಗೋ ಅನ್ನಿಸಿತು. ಲಿಂಕ್ ಬಂತು.

ದೀಕ್ಷಾ ಎಂಬುದು ಆ್ಯಪ್. ನಿಷ್ಠಾ ಎಂಬುದು ಅದರೊಳಗಿನ ತರಬೇತಿ. ನಮ್ಮ ಕಡೆ ದೀಕ್ಷೆ ಎಂದರೆ ಗುರು ಎದುರಿಗೆ ಕೂತಿರಬೇಕು, ತಲೆಯ ಮೇಲೆ ಹಸ್ತ ಇಡಬೇಕು. ಸಂಗೀತದವರಾದರೆ ಗುರುವಿನಿಂದ ಗಂಡಾ ದಾರ ಕಟ್ಟಿಸಿಕೊಳ್ಳಬೇಕು. ಇಲ್ಲಿ ಓಟಿಪಿ ಬಂದರೆ ದೀಕ್ಷೆ ಆದಂತೆ. ನಿಷ್ಠೆ ಎಷ್ಟಿದೆ ಎಂಬುದನ್ನು ಶೇಕಡಾವಾರು ತೋರಿಸುವ ಹಸಿರು ಗೆರೆ ಕೂಡ ಇದೆ.

2020ರ ಅಕ್ಟೋಬರಿನಲ್ಲಿ ಆನ್‌ಲೈನ್ ನಿಷ್ಠಾ ಶುರುವಾಯಿತು. ಅದೇ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ಮಳಖೇಡದ ಸುತ್ತ ಮನೆಗಳಿಗೆ ನೀರು ನುಗ್ಗಿತ್ತು. ಒಂದು ಕಡೆ ಹೊಳೆ, ಒಂದು ಕಡೆ ಮಾಡ್ಯೂಲ್. ಎರಡಕ್ಕೂ ಕೊನೆಯ ದಿನಾಂಕ ವಿಸ್ತರಣೆ ಆಗುತ್ತಲೇ ಇತ್ತು.

ಒಟ್ಟು 18 ಮಾಡ್ಯೂಲ್. ಅದರಲ್ಲೊಂದು, ಪಾಠದಲ್ಲಿ ಕಲೆ ಬೆರೆಸುವುದು ಹೇಗೆ ಎಂಬುದು. ಗಣಿತಕ್ಕೆ ಹಾಡು ಕೂಡಿಸಿ, ವಿಜ್ಞಾನಕ್ಕೆ ಕುಣಿತ ಕೂಡಿಸಿ. ತಕರಾರಿಲ್ಲ, ಒಳ್ಳೆಯ ವಿಚಾರ. ಗಣಿತದ ಮಾಸ್ತರರು ಹಾಡಬೇಕು. ಹಾಡುವ ಮಾಸ್ತರರು? ಆ ಹುದ್ದೆ ಇಲ್ಲ. ಇದ್ದರೆ ಖಾಲಿ. ಸಾರಿಗೆ ಉಪ್ಪು ಬೆರೆಸುವ ಪಾಠ ಪಕ್ಕಾ ಇದೆ, ಮನೆಯಲ್ಲಿ ಉಪ್ಪಿಲ್ಲ.

ತರಬೇತಿ ನಡೆದ ರೀತಿಯನ್ನೂ ಎಲ್ಲರೂ ಬಲ್ಲರು. ಫೋನಿನಲ್ಲಿ ವೀಡಿಯೊ ಓಡುತ್ತಿತ್ತು, ಮಾಸ್ತರರು ಸ್ನಾನಕ್ಕೆ ಹೋಗಿರುತ್ತಿದ್ದರು. ಪ್ರಶ್ನೆಗಿಂತ ಮೊದಲೇ ವಾಟ್ಸ್ಆ್ಯಪ್ ಗುಂಪಿಗೆ ಉತ್ತರ ಬಂದಿರುತ್ತಿತ್ತು: 1-ಬಿ, 2-ಡಿ, 3-ಎ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗನ ಕಿವಿ ಹಿಂಡುವವರೇ ಇವರು.

‘ಲಿಂಕ್ ಮುಗಿಸಿದ್ರೇನ್ರಿ?’

‘ನೆಟ್‌ವರ್ಕ್ ಸಿಗವಲ್ದು ಸರ್.’

‘ಮಾಳಗಿ ಮ್ಯಾಲ ಏರ್ರಿ.’

ಏರಿದರು. ವಾಡಿಯಲ್ಲಿ ಮಾಳಿಗೆ ಏರಿದರೆ ನೆಟ್‌ವರ್ಕ್‌ಗಿಂತ ಮೊದಲು ಸಿಮೆಂಟಿನ ಧೂಳು ಸಿಗುತ್ತದೆ. ಅದೂ ಒಂದು ಥರ ಕ್ಲೌಡೇ.

ಇನ್ನು ಸಂಗೀತದವರಿಗೆಂದೇ ನಡೆದ ವೆಬಿನಾರುಗಳ ಸುಗ್ಗಿ. ಕೊನೆಗೆ ಗೂಗಲ್ ಫಾರ್ಮ್ ತುಂಬಿದವರಿಗೆ ಪ್ರಮಾಣಪತ್ರ. ಹಾಡಿ ತೋರಿಸಿ ಎಂದು ಒಬ್ಬರೂ ಕೇಳಲಿಲ್ಲ. ಅದು ಒಳ್ಳೆಯದೇ ಆಯಿತು, ಏಕೆಂದರೆ ಹಾಡಿದರೂ ಕೇಳುತ್ತಿರಲಿಲ್ಲ.

ಜೂಮ್ ಮಾಡಿದ್ದು ಮೀಟಿಂಗಿಗೆ. ಅದಕ್ಕೆ ಮಾತು ಬೇಕು, ಒಂದೇ ಸಮ ಕೇಳುವ ಸದ್ದು ಬೇಡ. ಫ್ಯಾನು, ಕೂಲರು, ಮಿಕ್ಸರ್, ಎಲ್ಲವನ್ನೂ ಸೋಸಿ ತೆಗೆಯುತ್ತದೆ. ತಂಬೂರಿ ಏನು ಮಾಡುತ್ತದೆ? ಒಂದೇ ಸಮ ನುಡಿಯುತ್ತದೆ. ಜೂಮ್‌ಗೆ ತಂಬೂರಿಯೂ ಕೂಲರೂ ಒಂದೇ. ಷಡ್ಜ ಹಿಡಿದು ನಿಂತರೆ ಗಾಯಕನ ದನಿಯೂ ಕರಗುತ್ತದೆ. ಮಾತಾಡಿದರೆ ಕೇಳುತ್ತದೆ, ಸ್ವರ ನಿಲ್ಲಿಸಿದರೆ ಕೇಳುವುದಿಲ್ಲ. ನಮ್ಮ ಕಚೇರಿಗಳ ಸ್ವಭಾವವೇ.

ಈ ಸೋಸುವಿಕೆಯನ್ನು ಬಂದ್ ಮಾಡುವ ಗುಂಡಿ ಸೆಟ್ಟಿಂಗಿನೊಳಗೆ ಇದೆ. ಸಂಗೀತದವರಿಗೆ ಕೊಡಬಹುದಾಗಿದ್ದ ನಿಜವಾದ ತರಬೇತಿ ಅದೊಂದೇ. ಎರಡು ನಿಮಿಷದ ಕೆಲಸ. ಎರಡು ನಿಮಿಷದ ತರಬೇತಿಗೆ ಪ್ರಮಾಣಪತ್ರ ಹೇಗೆ ಕೊಡುವುದು? ಹೇಳಿಕೊಡಲಿಲ್ಲ.

(ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಸಲ್ಲದು ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತ್ತು. ಒಳಗೆ ಬಿಟ್ಟದ್ದು 1971ರಲ್ಲಿ. ಆಗ ಕೊನೇ ಪಕ್ಷ ಜಗಳ ಆಯಿತು, ವಾದ ಆಯಿತು. ತಂಬೂರಿಯನ್ನು ಹೊರಗಿಟ್ಟದ್ದು ಯಾರಿಗೂ ಗೊತ್ತೇ ಆಗಲಿಲ್ಲ.)

ತಾಳದ ಕತೆ ಇನ್ನೂ ಚಂದ. ಇಬ್ಬರು ಕೂಡಿ ನುಡಿಸಬೇಕಾದರೆ ಸದ್ದು ಸುಮಾರು 30 ಮಿಲಿಸೆಕೆಂಡಿನೊಳಗೆ ಕಿವಿ ಮುಟ್ಟಬೇಕು. ಚಿಂಚೋಳಿಯ ಮೊಬೈಲ್ ನೆಟ್‌ವರ್ಕ್‌ಗೆ ಮಿಲಿಸೆಕೆಂಡ್ ಗೊತ್ತಿಲ್ಲ, ನಿಮಿಷ ಗೊತ್ತು. ಗುರು ಇಲ್ಲಿ ಸಮ್‌ಗೆ ಬಂದರೆ ಶಿಷ್ಯ ಅಲ್ಲಿ ಖಾಲಿಯಲ್ಲಿರುತ್ತಾನೆ. ‘ಕೂಡಿ ಹಾಡೋಣ’ ಎಂದ ಸಂಪನ್ಮೂಲ ವ್ಯಕ್ತಿಯ ಕರೆಗೆ ಮೂವತ್ತು ಮಂದಿ ಮೂವತ್ತು ಕಾಲದಲ್ಲಿ ಸ್ಪಂದಿಸಿದರು. ‘ತುಂಬಾ ಚೆನ್ನಾಗಿತ್ತು’ ಎಂದ ಅವರು ಎಲ್ಲರನ್ನೂ ಮ್ಯೂಟ್ ಮಾಡಿದರು. ಬಿಟ್ಟಿ ಜೂಮ್‌ಗೆ 40 ನಿಮಿಷದ ಗಡುವು ಬೇರೆ. ವಿಲಂಬಿತ ಖ್ಯಾಲ್‌ನಲ್ಲಿ ರಾಗದ ಬಢತ್ ಆಗಷ್ಟೇ ಬಿಚ್ಚಿಕೊಳ್ಳುವ ಹೊತ್ತಿಗೆ ಮೀಟಿಂಗ್ ಮುಗಿಯಿತು ಎಂಬ ಫಲಕ.

ಉತ್ತರ ಕರ್ನಾಟಕದ ಸಂಗೀತ ಮಾಸ್ತರರ ಬೇರು ಹುಡುಕುತ್ತ ಹೋದರೆ ಬಹಳ ಸಲ ಗದಗಿನ ವೀರೇಶ್ವರ ಪುಣ್ಯಾಶ್ರಮದ ಬಾಗಿಲಿಗೆ ಹೋಗಿ ನಿಲ್ಲುತ್ತೀರಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು. ಇಬ್ಬರೂ ಅಂಧರು. ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ, ಸ್ವರ ಕೊಟ್ಟು, ತಬಲಾ, ಪೇಟಿ, ಪಿಟೀಲು ಕಲಿಸಿ ಜೀವನಕ್ಕೆ ಹಚ್ಚಿದವರು. ಅವರ ಶಿಷ್ಯರು ಇವತ್ತಿಗೂ ಊರೂರಲ್ಲಿ ಪಾಠ ಹೇಳುತ್ತಾರೆ. ಅವರಲ್ಲಿ ಕಣ್ಣಿಲ್ಲದವರಿಗೂ ಹೋದದ್ದು ಅದೇ ಲಿಂಕ್: ವೀಡಿಯೊ ವೀಕ್ಷಿಸಿ, ಕೆಳಗಿನವುಗಳಲ್ಲಿ ಸರಿಯಾದುದನ್ನು ಗುರುತಿಸಿ. ಮನೆಯ ಮಗನೇ ಒತ್ತಬೇಕು. ಮಗನೇ ಪಾಸಾಗಬೇಕು. ಪ್ರಮಾಣಪತ್ರದ ಮೇಲೆ ಅಪ್ಪನ ಹೆಸರು. ಕಿವಿಯಿಂದ ರಾಗ ಹಿಡಿದವನ ಕೈಗೆ ಕಣ್ಣಿನ ಪರೀಕ್ಷೆ ಕೊಟ್ಟು, ಅದಕ್ಕೆ ‘ಎಲ್ಲರನ್ನೂ ಒಳಗೊಂಡ ಶಿಕ್ಷಣ’ ಎಂದು ಹೆಸರಿಡಲಿಕ್ಕೂ ಒಂದು ಎದೆಗಾರಿಕೆ ಬೇಕು.

ಸಂಬಳ ಬರುವವರ ಮಾತಾಯಿತು. ಖಾಸಗಿ ಶಾಲೆಯಲ್ಲಿ ನಾಲ್ಕು ಪೀರಿಯಡ್, ಸಂಜೆ ಮನೆಪಾಠ, ಮದುವೆ ಸೀಜನ್ನಿನಲ್ಲಿ ನಾಲ್ಕು ಕಾರ್ಯಕ್ರಮ ಎಂದು ಬದುಕುವ ಗವಾಯಿಗೆ ಸರಕಾರ 2021ರಲ್ಲಿ ಬೇರೆಯೇ ಪರೀಕ್ಷೆ ಇಟ್ಟಿತು. ಮೇ 19ರ ಕೋವಿಡ್ ಪರಿಹಾರ ಪ್ಯಾಕೇಜಿನಲ್ಲಿ ಕಲಾವಿದರಿಗೆ 3,000 ರೂಪಾಯಿ. ಜೂನ್ 3ರ ಪ್ಯಾಕೇಜಿನಲ್ಲಿ ಅನುದಾನರಹಿತ ಶಾಲೆಯ ಶಿಕ್ಷಕರಿಗೆ 5,000.

ಈಗ ಹೇಳಿ. ಸಂಗೀತ ಮಾಸ್ತರ ಕಲಾವಿದನೋ, ಶಿಕ್ಷಕನೋ?

ಶಿಕ್ಷಕರ ಸಾಲಿನಲ್ಲಿ ನಿಂತರೆ, ‘ನೀವು ಹಾಡೋರಲ್ರೀ?’ ಕಲಾವಿದರ ಸಾಲಿನಲ್ಲಿ ನಿಂತರೆ, ‘ನೀವು ಸಾಲಿ ಮಾಸ್ತರಲ್ರೀ?’ ಎರಡು ಸ್ವರದ ನಡುವೆ ಶ್ರುತಿ ಇದ್ದಂತೆ ಎರಡು ಅರ್ಜಿಯ ನಡುವೆ ಮನುಷ್ಯ. ವ್ಯತ್ಯಾಸ 2,000 ರೂಪಾಯಿ. ನಮ್ಮ ರಾಜ್ಯದಲ್ಲಿ ಹಾಡಿಗೂ ಪಾಠಕ್ಕೂ ಇರುವ ಅಂತರವನ್ನು ಇಷ್ಟು ಕರಾರುವಾಕ್ಕಾಗಿ ಯಾವ ಸಂಗೀತಶಾಸ್ತ್ರಿಯೂ ಅಳೆದಿರಲಿಲ್ಲ.

ಅಷ್ಟಕ್ಕೂ ತರಬೇತಿ ಕೊಡುವವರು ಇಲ್ಲೇ ಇದ್ದರು. ಏಕತಾರಿ ಹಿಡಿದು ಬೆಳತನಕ ಕಡಕೋಳ ಮಡಿವಾಳಪ್ಪನ ತತ್ವಪದ ಹಾಡುವ ಭಜನಿ ಮಂದಿ. ಮೊಹರಮ್ಮಿನಲ್ಲಿ ರಿವಾಯತ್ ಪದ ಹೇಳುವ ಹಿರಿಯರು. ಚಿಂಚೋಳಿ ತಾಂಡಾಗಳ ಲಂಬಾಣಿ ತಾಯಂದಿರು. ಒಂದು ಮಗುವಿಗೆ ಹಾಡು ಹೇಗೆ ಕೊಡಬೇಕು ಎಂಬುದು ಇವರಿಗಿಂತ ಚೆನ್ನಾಗಿ ಯಾವ ಮಾಡ್ಯೂಲಿಗೆ ಗೊತ್ತು? ಆದರೆ ಅವರ ಬಳಿ ಪಿಪಿಟಿ ಇರಲಿಲ್ಲ. ಕರೆಯಲಿಲ್ಲ.

2022ರ ಮೇ ತಿಂಗಳಲ್ಲಿ ಹೊಸ ಶೈಕ್ಷಣಿಕ ವರ್ಷ ಶುರುವಾಯಿತು. ಎರಡು ವರ್ಷದ ನಷ್ಟ ತುಂಬಬೇಕು, ಇದು ‘ಕಲಿಕಾ ಚೇತರಿಕೆ’ ವರ್ಷ ಎಂದರು. ನಾನು ಬಲ್ಲ ಒಂದು ಶಾಲೆಯಲ್ಲಿ ಚೇತರಿಕೆ ಹೀಗಾಯಿತು: ಶನಿವಾರದ ಕೊನೆಯ ಪೀರಿಯಡ್ ಹಾಡಿಗಿತ್ತು, ಅದನ್ನು ಕಿತ್ತು ಗಣಿತಕ್ಕೆ ಕೊಟ್ಟರು. ಗಣಿತದ ಸರ್ ಒಳಗೆ ಬಂದರು. ಕಲೆ ಬೆರೆಸುವ ಮಾಡ್ಯೂಲ್ ಪಾಸಾದವರೇ. ಪ್ರಮಾಣಪತ್ರ ಲ್ಯಾಮಿನೇಷನ್ ಮಾಡಿಸಿ ಆಫೀಸಿನ ಗೋಡೆಗೆ ಹಾಕಿಸಿದ್ದಾರೆ.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತು ಕೇಳಿದಳು, ‘ಸರ್, ಇವತ್ತ ಹಾಡು?’

‘ಗಪ್ ಕೂಡು’ ಅಂದರು.