ಬೇಲಿಯಾಚೆಯ ದುರ್ಯೋಧನ

"ಏನಮ್ಮ, ರಾತ್ರಿ ಟೀವೀಲಿ 'ಭೂಕೈಲಾಸ' ಹಾಕಿದ್ರು, ನೋಡಿದ್ಯಾ?"

ಬೇಲಿಯಾಚೆಯಿಂದ ಪಕ್ಕದ ಮನೆಯ ತಾತನ ದನಿ. ಹಸುವಿಗೆ ಮುಸುಕಿನ ಜೋಳದ ಕಡ್ಡಿ ಹಾಕುತ್ತಲೇ ಅವರು ಮಾತಿಗಿಳಿಯುತ್ತಾರೆ. ಒಣಗಿದ ಬಟ್ಟೆ ತೆಗೆಯಲು ಹೋದ ನಾನು ಅಲ್ಲೇ ನಿಂತುಬಿಡುತ್ತೇನೆ. ತಾತ ವಯಸ್ಸಿನಲ್ಲಿದ್ದಾಗ ನಮ್ಮ ತೊಂಡೇಬಾವಿಯ ಸುತ್ತಮುತ್ತ 'ಕುರುಕ್ಷೇತ್ರ' ನಾಟಕದಲ್ಲಿ ದುರ್ಯೋಧನನ ಪಾರ್ಟು ಮಾಡಿದವರು. ಸಿನಿಮಾ ನೋಡಿದರೂ ಪಾರ್ಟು ಹಾಕಿದವನ ಕಣ್ಣಿನಿಂದಲೇ ನೋಡುತ್ತಾರೆ.

"ಯಾವ ಭೂಕೈಲಾಸ ತಾತ, ಕನ್ನಡದ್ದೋ ತೆಲುಗಿನದೋ?"

ಇದು ನಮ್ಮ ಕಡೆ ಕೇಳಲೇಬೇಕಾದ ಪ್ರಶ್ನೆ. ರೈಲು ಹತ್ತಿದರೆ ಗೌರಿಬಿದನೂರು, ವಿದುರಾಶ್ವತ್ಥ ದಾಟಿ ಹಿಂದೂಪುರ. ಎನ್.ಟಿ. ರಾಮರಾವ್ ಅವರನ್ನು ಮೂರು ಸಲ ಶಾಸಕರನ್ನಾಗಿ ಗೆಲ್ಲಿಸಿದ ಊರು ಅದು. ನಮ್ಮಲ್ಲಿ ಒಂದೇ ಮನೆಯಲ್ಲಿ ಅಜ್ಜಿಗೆ ತೆಲುಗು, ಮೊಮ್ಮಕ್ಕಳಿಗೆ ಕನ್ನಡ. 1958ರಲ್ಲಿ ಎ.ವಿ.ಎಂ. ಸಂಸ್ಥೆ ಕೆ. ಶಂಕರ್ ನಿರ್ದೇಶನದಲ್ಲಿ ಇದೇ ಕಥೆಯನ್ನು ಎರಡೂ ಭಾಷೆಯಲ್ಲಿ ತೆಗೆಯಿತು. ಕನ್ನಡದಲ್ಲಿ ರಾಜ್‌ಕುಮಾರ್ ರಾವಣ, ಕಲ್ಯಾಣ್‌ಕುಮಾರ್ ನಾರದ. ತೆಲುಗಿನಲ್ಲಿ ಎನ್.ಟಿ.ಆರ್. ರಾವಣ, ಅಕ್ಕಿನೇನಿ ನಾಗೇಶ್ವರರಾವ್ ನಾರದ.

"ಎರಡೂ ಟೆಂಟಲ್ಲಿ ನೋಡಿದ್ದೀನಮ್ಮ. ರಾಜಣ್ಣನೂ ಸೈ, ರಾಮರಾವೂ ಸೈ" ಎಂದು ತಾತ ತೀರ್ಪು ಕೊಟ್ಟರು.

"ಅವರಿಬ್ಬರಿಗಿಂತ ಮೊದಲೇ ತೆಲುಗಿಗೆ ಒಬ್ಬ ರಾವಣ ಸಿಕ್ಕಿದ್ದ ತಾತ. ಅವನು ನಮ್ಮ ಕನ್ನಡದವನೇ" ಎಂದೆ.

ತಾತ ಕಡ್ಡಿಯ ಹೊರೆ ಕೆಳಗಿಟ್ಟು ಬೇಲಿಯ ಹತ್ತಿರಕ್ಕೇ ಬಂದರು.

ಎಂ.ವಿ. ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ಜೊತೆಯಾಗಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ನಡೆಸುತ್ತಿದ್ದರು. ಅವರ 'ಭೂಕೈಲಾಸ' ನಾಟಕ ಜನ ಮುಗಿಬಿದ್ದು ನೋಡಿದ ನಾಟಕ. ಅದನ್ನೇ ಎ.ವಿ.ಎಂ.ನ ಮೆಯ್ಯಪ್ಪ ಚೆಟ್ಟಿಯಾರರು 1940ರಲ್ಲಿ ತೆಲುಗಿನಲ್ಲಿ ಸಿನಿಮಾ ಮಾಡಿದರು. ಸುಬ್ಬಯ್ಯ ನಾಯ್ಡು ರಾವಣ, ನಾಗೇಂದ್ರರಾಯರು ನಾರದ. ಅದಕ್ಕೂ ಆರು ವರ್ಷ ಮೊದಲು, 1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ'ದಲ್ಲಿ ರಾವಣ ಆಗಿದ್ದವರು ನಾಗೇಂದ್ರರಾಯರೇ. ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತು, ತ್ರಿಪುರಾಂಬ ಸುಲೋಚನೆ.

"ಅಂದ್ರೆ ರಾವಣನ ಪಾರ್ಟು ಹಾಕಿದೋನೇ ಆಮೇಲೆ ನಾರದ ಆಗಿ ರಾವಣನ್ನ ಯಾಮಾರಿಸಿದ ಅನ್ನು. ಸರಿಯಾಗಿದೆ. ಒಳಗಿನ ಗುಟ್ಟು ಗೊತ್ತಿದ್ದೋನಿಗೇ ಆ ಪಾರ್ಟು ಕೂರೋದು."

ಪಾತ್ರ ಮಾಡಿದವರು ಪಾತ್ರದ ಬಗ್ಗೆ ಆಡುವ ಮಾತೇ ಬೇರೆ. ಇಂಥ ಮಾತು ನನ್ನ ಬಾಯಿಗೆ ಬರುವುದಿಲ್ಲ.

'ಸತಿ ಸುಲೋಚನಾ' ಕಥೆಯನ್ನೂ ಹೇಳಿದೆ. ಬೆಂಗಳೂರಿನ ಚಮನಲಾಲ್ ಡೂಂಗಾಜಿ ದುಡ್ಡು ಹಾಕಿದರು. ವೈ.ವಿ. ರಾವ್ ನಿರ್ದೇಶಕರು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತು, ಹಾಡು ಬರೆದರು. ಇಲ್ಲಿ ಸ್ಟುಡಿಯೋ ಇರಲಿಲ್ಲವಾದ್ದರಿಂದ ನಟರೆಲ್ಲ ಕೊಲ್ಹಾಪುರಕ್ಕೆ ಹೋಗಿ ಛತ್ರಪತಿ ಸಿನಿಟೋನ್‌ನಲ್ಲಿ ಅಭಿನಯಿಸಿದರು. ಆಗ ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಕ್ಯಾಮೆರಾ ಮುಂದೆ ನಿಂತವರೇ ಹಾಡಬೇಕು, ಅದು ಅಲ್ಲೇ ಮುದ್ರಣವಾಗಬೇಕು. ಕಟ್ಟಕಡೆಯ ಸಾಲಿನಲ್ಲಿ ಕೂತವನಿಗೂ ಕೇಳುವಂತೆ ಎದೆಯಿಂದ ದನಿ ಎತ್ತಿ ರೂಢಿಯಾದ ನಟರು ಎದುರಿಗಿದ್ದ ಮೈಕಿಗೆ ದನಿ ತಗ್ಗಿಸುವುದನ್ನು ಹೊಸದಾಗಿ ಕಲಿಯಬೇಕಾಗಿತ್ತು.

"ಕಷ್ಟ ಕಣಮ್ಮ ಅದು. ಆ ಸಿನಿಮಾ ಎಲ್ಲಾದ್ರೂ ಸಿಕ್ಕುತ್ತಾ? ಮೊಮ್ಮಗನ ಫೋನಲ್ಲಿ ಹಾಕ್ಸು ನೋಡೋಣ."

ಸಿಕ್ಕುವುದಿಲ್ಲ. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆ ಕಂಡ, ಕನ್ನಡ ಮೊದಲ ಸಲ ಮಾತಾಡಿದ ಸಿನಿಮಾವನ್ನು ನಾವು ಯಾರೂ ನೋಡುವ ಹಾಗಿಲ್ಲ. ಈಗ ಉಳಿದಿರುವುದು ಅಂದಿನ ಕೆಲವು ಚಿತ್ರಪಟಗಳು, ಪತ್ರಿಕೆಯ ಬರಹ, ಅದರಲ್ಲಿ ದುಡಿದವರು ಹೇಳಿ ಬರೆದಿಟ್ಟ ನೆನಪು, ಅಷ್ಟೇ. ನಾಗೇಂದ್ರರಾಯರು ಆತ್ಮಕಥೆ ಬರೆದರು. ಅವರ ಮಕ್ಕಳಲ್ಲಿ ಆರ್.ಎನ್. ಜಯಗೋಪಾಲ್ ಗೀತರಚನೆಕಾರರಾದರು, ಆರ್.ಎನ್.ಕೆ. ಪ್ರಸಾದ್ ಛಾಯಾಗ್ರಾಹಕರಾದರು, ಸುದರ್ಶನ್ ನಟರಾದರು. ಸುಬ್ಬಯ್ಯ ನಾಯ್ಡು ಅವರ ಮಗನೇ 'ಭೂತಯ್ಯನ ಮಗ ಅಯ್ಯು', 'ಪರಸಂಗದ ಗೆಂಡೆತಿಮ್ಮ'ದ ಲೋಕೇಶ್, ಮೊಮ್ಮಗ ಸೃಜನ್. ಹೀಗೆ ಮನೆಮಂದಿಯೆಲ್ಲ ಅದೇ ಕಸುಬಿನಲ್ಲಿದ್ದರೆ ಅಪ್ಪನ, ತಾತನ ಪಾತ್ರದ ಮಾತು ಮನೆಯಲ್ಲಿ ಓಡಾಡುತ್ತಲೇ ಇರುತ್ತದೆ. ಆದರೆ ರೈತಾಪಿ ಮನೆಯಲ್ಲಿ ಪಾರ್ಟು ಮಾಡಿದವರದ್ದು?

ಹಾಗೆಂದೇ ಕೇಳಿದೆ. "ತಾತ, ನಿಮ್ಮ ದುರ್ಯೋಧನ ಈಗ ನಿಮಗೆ ಎಷ್ಟು ನೆನಪಿದ್ದಾನೆ?"

ತಾತ ಮೊದಲು ಪದ್ಯದ ಮಾತೆತ್ತಲಿಲ್ಲ. ಹಣೆ ಮುಟ್ಟಿ ತೋರಿಸಿದರು. ಬಾಡಿಗೆಗೆ ತಂದ ಕಿರೀಟದ ತಗಡಿನ ಅಂಚು ಕೊರೆಯುತ್ತಿತ್ತಂತೆ, ಒಳಗೆ ಹಳೇ ಪಂಚೆಯ ಚೂರು ಮಡಿಚಿ ಇಟ್ಟುಕೊಂಡರೂ ಬೆಳಗಿನ ಹೊತ್ತಿಗೆ ಗೀರು ಬೀಳುತ್ತಿತ್ತಂತೆ. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಒಂದೊಂದು ಪದ್ಯವನ್ನೂ ಬಾಯಿಗೆ ಬರುವ ತನಕ ಬಿಡುತ್ತಿರಲಿಲ್ಲ. ದುರ್ಯೋಧನನ ಪಾರ್ಟಿಗೆ ಬೇರೆಯವರಿಗಿಂತ ಹೆಚ್ಚು ದುಡ್ಡು ಕಟ್ಟಬೇಕು. ಆ ದುಡ್ಡಿಗೆ ಕಡಲೆಕಾಯಿ ಮಾರಿದ್ದರು.

"ಇನ್ನೊಂದು ಏಳ್ತೀನಿ ಕೇಳು. ಅಭಿಮನ್ಯು ಸತ್ತ, ಬಣ್ಣ ತೊಳ್ಕೊಂಡು ಟೀ ಕುಡಿಯಕ್ಕೆ ಹೋದ. ದ್ರೋಣ ಸತ್ತ, ಮಲಗ್ದ. ಕರ್ಣನೂ ಹೋದ. ನಾನೊಬ್ಬನೇ ಬೆಳಗಿನ ತನಕ ಬದುಕಿರಬೇಕು. ಜೊತೇಲಿದ್ದೋರೆಲ್ಲ ಹೋದ್ಮೇಲೆ ಒಬ್ಬನೇ ಸರೋವರದ ಸೀನಿಗೆ ನಿಂತ್ಕೊಂಡ್ರೆ ಅಳು ತಾನಾಗೇ ಬರೋದು. ಅದನ್ನ ಯಾವ ಮೇಷ್ಟ್ರೂ ಹೇಳಿಕೊಡಬೇಕಾಗಿರಲಿಲ್ಲ."

ಮಹಾಭಾರತ ಎಷ್ಟೋ ಸಲ ಓದಿದ್ದೇನೆ, ಕೇಳಿದ್ದೇನೆ. ದುರ್ಯೋಧನನ ಒಂಟಿತನ ಇಷ್ಟು ಹತ್ತಿರದಿಂದ ಕಂಡಿದ್ದು ಅಂದೇ. ರಾತ್ರಿಯಿಡೀ ಒಂದು ಪಾತ್ರವನ್ನು ಹೊತ್ತ ಮೈ ಮಾತ್ರ ಹೇಳಬಲ್ಲ ಮಾತು ಅದು, ಯಾವ ವ್ಯಾಖ್ಯಾನದಲ್ಲೂ ನನಗೆ ಸಿಕ್ಕಿರಲಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟು. ರೀಲು ಕಳೆದರೆ ನಟರ ನೆನಪೇ ಆ ಸಿನಿಮಾದ ಕೊನೆಯ ಪ್ರತಿ. ಊರ ನಾಟಕಕ್ಕಂತೂ ರೀಲೇ ಇರಲಿಲ್ಲ. ನಿಮ್ಮ ಊರಿನಲ್ಲೂ ಒಬ್ಬ ಭೀಮ, ಒಬ್ಬ ಶಕುನಿ ಇರುತ್ತಾರೆ. ಯಾವುದೋ ಸಿನಿಮಾದ ಜಾತ್ರೆಯ ಸೀನಿನಲ್ಲಿ ಒಂದು ದಿನ ನಿಂತು ಬಂದವರೂ ಇರುತ್ತಾರೆ. ಕೂರಿಸಿ ಕೇಳಿ. ಪದ್ಯದ ಜೊತೆಗೆ ಯಾರು ಕಲಿಸಿದರು, ಪಕ್ಕದಲ್ಲಿ ಯಾರಿದ್ದರು, ಬಣ್ಣ ಯಾರು ಬಳಿದರು, ದುಡ್ಡು ಎಲ್ಲಿಂದ ತಂದರು, ಎಲ್ಲವನ್ನೂ ಕೇಳಿ, ಫೋನಿನಲ್ಲಿ ಹಿಡಿದಿಡಿ, ಇಸವಿ ಹಾಕಿ ಬರೆದಿಡಿ. ಭಾನುವಾರ ನಾನು ನೋಟ್‌ಬುಕ್ಕು ಹಿಡಿದು ಬೇಲಿ ದಾಟಿ ಹೋಗುತ್ತೇನೆ. ಅವತ್ತಿನ ಹಾರ್ಮೋನಿಯಂ ಮೇಷ್ಟ್ರ ಮಗ ಮಂಚೇನಹಳ್ಳಿ ಕಡೆ ಇದ್ದಾರಂತೆ. ಅವರನ್ನೂ ಕರೆಸುತ್ತೇನೆ ಎಂದು ತಾತ ಒಪ್ಪಿದ್ದಾರೆ.