ಮೀನಿಗೂ ಮುದ್ದೆ

ಬೇಸಿಗೆ ಬಂತೆಂದರೆ ಕನಕಪುರದ ಕಡೆಯವರಿಗೆ ಸಂಗಮವೇ ಊಟಿ. ಅರ್ಕಾವತಿ ಕಾವೇರಿಗೆ ಸೇರುವಲ್ಲಿ ಮಂಡಿಯುದ್ದ ನೀರಲ್ಲಿ ಕೂತುಬಿಡುತ್ತಾರೆ. ಮೊಸಳೆಗಳ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಅಲ್ಲೇ ಆಚೆ ಗಾಳಿಬೋರೆ. ಒಂದು ಕಾಲಕ್ಕೆ ಮಹಶೀರ್ ಮೀನು ಹಿಡಿಯಲು ವಿದೇಶದಿಂದಲೂ ಜನ ಗಾಳ ಹೊತ್ತು ಬರುತ್ತಿದ್ದರು. ಗಾಳ ಫಾರಿನ್ನು, ತುದಿಯಲ್ಲಿ ಮಾತ್ರ ನಮ್ಮ ರಾಗಿ ಮುದ್ದೆ! ಬಸ್ಸಾರಿಲ್ಲದೆ ಮುದ್ದೆ ನುಂಗುವ ಜೀವಿ ಈ ತಾಲ್ಲೂಕಿನಲ್ಲಿ ಅದೊಂದೇ ಇರಬೇಕು. ಜಗ್ಗಾಡಿ ಹಿಡಿದು, ತೂಗಿ, ಫೋಟೊ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡಬೇಕೆಂಬುದು ನಿಯಮ. "ಬುಡಾದಾದ್ರೆ ಹಿಡಿಯಾದ್ಯಾಕೆ ಸಾಮಿ?" ಎಂದು ತೆಪ್ಪದವನು ಕೇಳಿದರೆ ತಪ್ಪೇನು? 1946ರಲ್ಲಿ ಕಬಿನಿಯಲ್ಲಿ ವ್ಯಾನ್ ಇಂಗೆನ್ ಎಂಬವರು ಹಿಡಿದದ್ದು 120 ಪೌಂಡಿನ ಮೀನು. ಒಂದು ಬೀಗರೂಟವೇ ಮುಗಿಯುತ್ತಿತ್ತು. ಈಗ ಗಾಳಿಬೋರೆಯ ಅಭಯಾರಣ್ಯದಲ್ಲಿ ಗಾಳ ಹಾಕುವಂತಿಲ್ಲ. ಮುದ್ದೆಯನ್ನು ಪ್ರವಾಸಿಗರೇ ತಿನ್ನಬೇಕಾಗಿದೆ.