ಮೇಲಿನದ್ದು ಬಾಯಲ್ಲಿ, ಕೆಳಗಿನದ್ದು ಜೇಬಲ್ಲಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ: ಈ ನಾಲ್ಕು ತಾಲ್ಲೂಕಿನ ಯಾವ ಊರಿಗೆ ಹೋದರೂ ಅರಳಿಕಟ್ಟೆಯ ಮೇಲೆ ಒಬ್ಬ ಯಜಮಾನರು ಸಿಗುತ್ತಾರೆ. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಎದೆಯ ಜೇಬಿನಲ್ಲಿ ಒಂದು ಉಬ್ಬು. ಅದನ್ನು ಮೊಬೈಲು ಅಂದುಕೊಂಡವರು ಹೊರಗಿನವರು. ಊರವರಿಗೆ ಗೊತ್ತು, ಅದು ಹಲ್ಲುಸೆಟ್ಟು. ಸಾಮಾನ್ಯವಾಗಿ ಮೇಲಿನದ್ದು ಬಾಯಲ್ಲಿ, ಕೆಳಗಿನದ್ದು ಜೇಬಲ್ಲಿ. ಎರಡೂ ಬಾಯಲ್ಲಿ ಕಂಡರೆ ಅವತ್ತು ಯಾರದೋ ಮದುವೆ ಎಂದು ತಿಳಿಯಬೇಕು.

ಯಜಮಾನರು ಹಲ್ಲು ಕಟ್ಟಿಸಿದ್ದೇ ತಡವಾಗಿ. ತಪ್ಪು ಅವರದಲ್ಲ, ಮುದ್ದೆಯದು. ಮಂಡ್ಯ ಸೀಮೆಯಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುತ್ತಾರೆ. ಅಗಿಯುವವನನ್ನು ಕಂಡರೆ ‘ಬೆಂಗಳೂರಿಂದ ಬಂದವ್ನೆ, ಬುಡಿ’ ಎಂದು ಕ್ಷಮಿಸುತ್ತಾರೆ. ಹೀಗಾಗಿ ಹಲ್ಲು ಒಂದೊಂದೇ ಉದುರಿ ಬಾಯಿ ಬೊಚ್ಚಾದರೂ ಊಟಕ್ಕೆ ಕೊರತೆ ಬರಲಿಲ್ಲ. ಕೊರತೆ ಕಂಡದ್ದು ಮೊಮ್ಮಗಳ ಮದುವೆ ಗೊತ್ತಾದಾಗ. ‘ತಾತ, ಫೋಟೋದಾಗೆ ನಿನ್ ಬಾಯಿ ಒಳಕ್ಕೋಯ್ತದೆ ಕಣ್ ತಾತ’ ಎಂದು ಆಕೆ ಅಂದದ್ದೇ ತಡ, ಯಜಮಾನರು ಮೈಸೂರಿನ ಬಸ್ಸು ಹತ್ತಿದರು.

ಅಷ್ಟು ಹೊತ್ತಿಗೆ ಸರ್ಕಾರವೂ ದಾರಿ ಮಾಡಿಕೊಟ್ಟಿತ್ತು. 2013ರಲ್ಲಿ ಅನ್ನಭಾಗ್ಯ ಬಂತು. ಅಕ್ಕಿಯೇನೋ ಸಿಕ್ಕಿತು, ಅಗಿಯುವುದಕ್ಕೆ ಹಲ್ಲು ಬೇಡವೇ? 2014–15ರಲ್ಲಿ ದಂತಭಾಗ್ಯವೂ ಬಂತು. ಬಿಪಿಎಲ್ ಕಾರ್ಡಿದ್ದು, ಬಾಯಲ್ಲಿ ಒಂದು ಹಲ್ಲೂ ಉಳಿಯದ, 60 ದಾಟಿದವರಿಗೆ ಪುಕ್ಕಟೆ ಸೆಟ್ಟು. ಆಮೇಲೆ ವಯಸ್ಸಿನ ಮಿತಿಯನ್ನು 45ಕ್ಕೆ ಇಳಿಸಿದರು.

ಅಚ್ಚು ತೆಗೆಯಲು ಒಂದು ಸಲ, ದವಡೆ ಕೂಡಿಸಿ ನೋಡಲು ಒಂದು ಸಲ, ಮೇಣದ ಮೇಲೆ ಹಲ್ಲು ಜೋಡಿಸಿ ನೋಡಲು ಇನ್ನೊಂದು ಸಲ ಎಂದು ಯಜಮಾನರು ತಾಳ್ಮೆಯಿಂದ ಓಡಾಡಿದರು. ವಯಸ್ಸಿಗೆ ಒಪ್ಪುವ ಬಣ್ಣವನ್ನು ಡಾಕ್ಟರಮ್ಮ ತೋರಿಸಿದರೆ, ಇವರು ಸಾಲಿನ ತುದಿಯಲ್ಲಿದ್ದ ಅತಿ ಬಿಳಿ ಹಲ್ಲಿನ ಮೇಲೆ ಬೆರಳಿಟ್ಟರು. ಸೆಟ್ಟು ಕೈಗೆ ಬಂದ ದಿನ ಬಾಯಿಗೆ ಹಾಕುವ ಮೊದಲು ಎಣಿಸಿದರು.

‘ಡಾಕ್ಟ್ರಮ್ಮ, ಮೂವತ್ತೆರಡು ಇರ್ಬೇಕಲ್ವಾ? ಇಪ್ಪತ್ತೆಂಟೇ ಐತೆ?’

‘ಕಡೇ ದವಡೆ ಹಲ್ಲು ನಾಲ್ಕು ಕೂರಿಸೋದಿಲ್ಲ ತಾತ. ಎಲ್ಲರಿಗೂ ಇಷ್ಟೇ.’

ಯಜಮಾನರು ನಂಬಲಿಲ್ಲ. ‘ನಾಲ್ಕಲ್ಲ ಮಧ್ಯದಾಗೇ ತಿಂದ್ಬುಟ್ಟವ್ರೆ’ ಎಂಬ ಸುದ್ದಿ ಅವರಿಗಿಂತ ಮೊದಲು ಊರು ತಲುಪಿತು.

‘ಇದು ಎಷ್ಟೊರ್ಷ ಬತ್ತದೆ?’ ಎಂದೂ ಕೇಳಿದ್ದರು.

‘ಐದರಿಂದ ಎಂಟು ವರ್ಷ ತಾತ. ನಡುವೆ ವರ್ಷಕ್ಕೊಂದ್ಸಲ ತಂದು ತೋರಿಸ್ಬೇಕು.’

‘ನನ್ ಸ್ವಂತ ಅಲ್ಲು ಅರವತ್ತೊರ್ಷ ಬಂತು ಕಣವ್ವಾ. ಒಂದ್ ದಿನಾನೂ ಯಾರಿಗೂ ತೋರಿಸ್ನಿಲ್ಲ.’

ತೋರಿಸದೇ ಇದ್ದದ್ದಕ್ಕೇ ಇವತ್ತು ಇಲ್ಲಿ ಕೂತಿದ್ದೀರಿ ಎಂದು ಆ ಹುಡುಗಿ ಹೇಳಲಿಲ್ಲ. ದೊಡ್ಡ ಮನಸ್ಸು.

ಯಜಮಾನರ ಲೆಕ್ಕ ತಪ್ಪುವುದು ಇಲ್ಲೇ. ಸೆಟ್ಟು ಸವೆಯುವ ಮೊದಲೇ ಬಾಯಿ ಬದಲಾಗುತ್ತದೆ. ಹಲ್ಲಿನ ಬೇರು ಹೋದ ಮೇಲೆ ದವಡೆಯ ಮೂಳೆ ವರ್ಷದಿಂದ ವರ್ಷಕ್ಕೆ ಕರಗುತ್ತದೆ, ಒಸಡು ಕುಸಿಯುತ್ತದೆ, ಅದರಲ್ಲೂ ಕೆಳದವಡೆ ಬೇಗ. ಮೇಲಿನ ಸೆಟ್ಟು ಅಂಗುಳಕ್ಕೆ ಅಗಲವಾಗಿ ಅಂಟಿ, ಎಂಜಲಿನ ಹಿಡಿತದಲ್ಲಿ ನಿಲ್ಲುತ್ತದೆ. ಕೆಳಗಿನದ್ದಕ್ಕೆ ಆ ಭಾಗ್ಯವಿಲ್ಲ. ಮೇಲಾಗಿ ನಾಲಿಗೆ ದಿನವಿಡೀ ತಳ್ಳುತ್ತಿರುತ್ತದೆ. ಅದು ಜೇಬು ಸೇರುವುದು ಈ ಕಾರಣಕ್ಕೆ. ಸಡಿಲವಾದ ಸೆಟ್ಟಿನ ಒಳಗೆ ಹೊಸ ಪದರ ಕೂರಿಸಿ ಬಿಗಿ ಮಾಡಿಕೊಡುತ್ತಾರೆ, ಅದೂ ಸಾಲದಾದಾಗ ಹೊಸದು ಮಾಡಿಸಬೇಕು. ಗೊರಸು ಬೆಳೆದರೆ ಎತ್ತಿನ ಲಾಳ ಬಿಚ್ಚಿ ಬೇರೆ ಕಟ್ಟಿಸಬೇಕೆಂಬುದು ಯಜಮಾನರಿಗೆ ಚೆನ್ನಾಗಿ ಗೊತ್ತು. ಎತ್ತಿನ ಕಾಲಿಗೆ ಒಪ್ಪಿದ ನ್ಯಾಯವನ್ನು ಅವರು ತಮ್ಮ ಬಾಯಿಗೆ ಮಾತ್ರ ಒಪ್ಪುವುದಿಲ್ಲ.

ಹಾಗೆಂದು ಹಲ್ಲಿನ ವಿಷಯ ತಿಳಿಯದವರೇನಲ್ಲ. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ತುಟಿ ಎತ್ತಿದರೆಂದರೆ ಎರಡಲ್ಲೋ, ನಾಲ್ಕಲ್ಲೋ, ಬಾಯ್ಗೂಡಿದೆಯೋ ಎಂದು ಕ್ಷಣದಲ್ಲಿ ಹೇಳಬಲ್ಲರು. ಕೆ.ಆರ್. ಪೇಟೆ ಸುತ್ತಿನ ದಲ್ಲಾಳಿಗಳು ಇವರಿದ್ದ ಕಡೆ ಸುಳ್ಳು ಹೇಳಲು ಅಂಜುತ್ತಾರೆ. ಇನ್ನೊಬ್ಬರ ಬಾಯಿ ತೆರೆಸಿ ಇಷ್ಟು ಪಳಗಿದವರು ತಮ್ಮ ಬಾಯಿ ತೆರೆಯುವುದು ಮಾತಾಡಲು ಮಾತ್ರ.

ಸೆಟ್ಟು ಒತ್ತಿ ಒಸಡು ಹುಣ್ಣಾದರೆ ಯಜಮಾನರು ಸೆಟ್ಟನ್ನು ಕುಡುಗೋಲು ಮಸೆಯುವ ಅರದಿಂದ ಉಜ್ಜುತ್ತಾರೆ. ಒಂದು ಕಡೆಯ ಒತ್ತು ಹೋಗಿ ಇನ್ನೊಂದು ಕಡೆ ಶುರುವಾಗುತ್ತದೆ, ಅಲ್ಲೂ ಉಜ್ಜುತ್ತಾರೆ. ಸೀಳು ಬಿಟ್ಟರೆ ಫೆವಿಕ್ವಿಕ್. ಅಂಟು ಒಸಡನ್ನು ಕೆರಳಿಸುತ್ತದೆ, ಒಂದು ಕೂದಲೆಳೆ ಆಚೀಚೆ ಅಂಟಿದರೂ ಸೆಟ್ಟು ಮತ್ತೆ ಕೂರುವುದಿಲ್ಲ. ತುಂಡುಗಳನ್ನು ಹಾಗೇ ಒಯ್ದರೆ ಲ್ಯಾಬಿನಲ್ಲಿ ಅದೇ ಅಕ್ರಿಲಿಕ್ ಹಾಕಿ ಸೇರಿಸಿಕೊಡುತ್ತಾರೆ. ಉಜ್ಜಲು ಇದ್ದಿಲ ಪುಡಿ, ಉಪ್ಪು. ಅವು ಮಾಡಿದ ಗೀರುಗಳಲ್ಲಿ ಕೊಳೆ ಕೂತು ನಾರುತ್ತದೆ. ನಾತ ಹೋಗಲೆಂದು ಕುದಿಯುವ ನೀರಿಗೆ ಹಾಕಿದ್ದೂ ಉಂಟು. ಕುದಿನೀರಿಗೆ ಅಕ್ರಿಲಿಕ್ ಸೊಟ್ಟಗಾಗುತ್ತದೆ. ಅಲ್ಲಿಂದಾಚೆ ಯಜಮಾನರು ನಕ್ಕರೂ ಸಿಟ್ಟಾದಂತೆ ಕಾಣತೊಡಗಿದರು.

ಕಟ್ಟೆಯ ಮೇಷ್ಟ್ರು ಒಮ್ಮೆ ಸಮಾಧಾನ ಹೇಳಿದರು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಗಾದಿಗೇರಿದಾಗ ಅವನ ಬಾಯಲ್ಲಿ ಉಳಿದಿದ್ದದ್ದು ಒಂದೇ ಸ್ವಂತ ಹಲ್ಲು. ದಂತದ್ದು, ಮನುಷ್ಯರದು ಎಂದು ಸೇರಿಸಿ ಸ್ಪ್ರಿಂಗು ಹಾಕಿದ ಸೆಟ್ಟು ಕೊನೆಯವರೆಗೂ ಅವನನ್ನು ಕಾಡಿತು. 1781ರಲ್ಲಿ ಅವನಿಗೆ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದು. ಯಜಮಾನರು ಎದೆಯುಬ್ಬಿಸಿದರು: ‘ನೋಡ್ರಲಾ, ಅಂಥ ಕಾರ್ನ್‌ವಾಲಿಸ್ನ ಬಗ್ಗು ಬಡಿದವನಿಗೇ ಸೆಟ್ಟು ಕೂರ್ನಿಲ್ಲ. ನಮ್ದೇನು ಬುಡಿ!’

ಸೆಟ್ಟಿನ ಕಷ್ಟ ತಾಲ್ಲೂಕಿಗೊಂದು ಬಗೆ. ಪಾಂಡವಪುರದ ಕಡೆ ಕಬ್ಬು. ಸ್ವಂತ ಹಲ್ಲಿನ ಬಲದಲ್ಲಿ ಸೆಟ್ಟಿಗೆ ದಕ್ಕುವುದು ಸುಮಾರು ಕಾಲು ಭಾಗ. ಆದರೂ ಆಲೆಮನೆಯಲ್ಲಿ ಜಲ್ಲೆ ಕಂಡರೆ ಯಜಮಾನರ ಕೈ ತಡೆಯುವುದಿಲ್ಲ. ಮುಂದಿನ ಹಲ್ಲಿನಲ್ಲಿ ಸಿಪ್ಪೆ ಸುಲಿಯಲು ಹೋದರೆ ಸೆಟ್ಟಿನ ಹಿಂಭಾಗ ಎದ್ದು, ಕಬ್ಬಿನ ಜೊತೆ ಹಲ್ಲೂ ಕೈಗೆ ಬರುತ್ತದೆ. ಮೇಲುಕೋಟೆಯ ಪುಳಿಯೋಗರೆಯ ಕಡಲೆಬೀಜದ ಚೂರು ಸೆಟ್ಟಿನಡಿ ಸಿಕ್ಕಿತೆಂದರೆ ದರ್ಶನ ಮುಗಿಯುವ ತನಕ ಒಂದು ಕಣ್ಣಲ್ಲಿ ನೀರು. ಪಕ್ಕದವರು ಭಕ್ತಿ ಅಂದುಕೊಳ್ಳುತ್ತಾರೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಮುಳುಗೆದ್ದು ಬಾಯಿ ತುಂಬ ‘ಗೋವಿಂದಾ’ ಎಂದವರ ಹಲ್ಲು ಕಾವೇರಿಯ ಪಾಲು. ಅಣ್ಣನ ಅಸ್ಥಿ ಬಿಡಲು ಬಂದವರು ತಮ್ಮ ಹಲ್ಲನ್ನೂ ಬಿಟ್ಟು ಹೋಗುತ್ತಾರೆ.

ನಾಗಮಂಗಲದ ಕಡೆ ಬೀಗರೂಟ. ಫೋಟೋ ಮುಗಿಯುವ ತನಕ ಎರಡೂ ಸೆಟ್ಟು ಬಾಯಲ್ಲಿ ಮಿರಮಿರ ಮಿಂಚುತ್ತವೆ. ಎಲೆಯ ಮೇಲೆ ಮುದ್ದೆ, ಮಟನ್ ಸಾರು ಬಿದ್ದದ್ದೇ ಯಜಮಾನರು ಅತ್ತಿತ್ತ ನೋಡಿ, ಟವಲು ಅಡ್ಡ ಹಿಡಿದು, ಅಗಿಯಲೆಂದು ಕಟ್ಟಿಸಿದ ಹಲ್ಲನ್ನು ಊಟಕ್ಕೆಂದು ಬಿಚ್ಚುತ್ತಾರೆ. ಜೇಬಿಗಿಡಲು ಸಾರಿನ ಕೈ. ಎಲೆಯ ಅಂಚಿನಲ್ಲಿ ಮೂಳೆಯ ಪಕ್ಕ ಇಡುತ್ತಾರೆ. ಊಟ ಮುಗಿದು ಎಲೆ ಮಡಚುತ್ತಾರೆ. ಎಲೆ–ಅಡಿಕೆ ಬಾಯಿಗಿಡುವ ಹೊತ್ತಿಗೆ ಅದು ಬರಿದಾಗಿದೆ ಎಂದು ತಿಳಿಯುತ್ತದೆ.

‘ಮಾವ, ಏನ್ ಉಡುಕ್ತಿದ್ದೀರಿ?’ ಎಂದು ಸೊಸೆ ಕೇಳಿದರೆ ‘ಏನಿಲ್ಲ ಬುಡವ್ವಾ’ ಎನ್ನುತ್ತಾರೆ. ಅಷ್ಟರಲ್ಲಿ ಛತ್ರದ ಹಿಂದಿನ ಎಲೆರಾಶಿಯ ಮುಂದೆ ನಾಲ್ಕು ಜನ ಕೋಲು ಹಿಡಿದು ನಿಂತಾಗಿದೆ. ಹೊಸ ಬೀಗರು ವಜ್ರದ ಓಲೆಯೇ ಕಳೆದಿರಬೇಕೆಂದು ಪಂಚೆ ಎತ್ತಿಕಟ್ಟಿ ಸೇರಿಕೊಳ್ಳುತ್ತಾರೆ. ಸಿಕ್ಕಿದ್ದನ್ನು ಕಂಡು ಸಭ್ಯರಾಗಿ ಹಿಂದೆ ಸರಿಯುತ್ತಾರೆ. ಸಂಬಂಧ ಗಟ್ಟಿಯಾಗುವುದು ಇಂಥ ಗಳಿಗೆಯಲ್ಲೇ.

ಅದೇ ಮನೆಯಲ್ಲಿ ಅಜ್ಜಿಯದೂ ಒಂದು ಸೆಟ್ಟಿದೆ. ಅದರ ಸುದ್ದಿ ಊರಲ್ಲಿ ಯಾರಿಗೂ ಗೊತ್ತಿಲ್ಲ, ಅದು ಬಾಯಲ್ಲೇ ಇರುವುದರಿಂದ. ಅಜ್ಜಿ ಮೊದಲ ಕೆಲವು ದಿನ ಮೆತ್ತನೆಯ ಅನ್ನ ತಿಂದು, ಎರಡೂ ಕಡೆ ಸಮನಾಗಿ ಅಗಿದು ರೂಢಿ ಮಾಡಿಕೊಂಡರು. ಉಂಡ ಮೇಲೆ ತೆಗೆದು ತೊಳೆಯುತ್ತಾರೆ. ರಾತ್ರಿ ಬೋಗುಣಿಯಲ್ಲಿ ನೀರು ತುಂಬಿಸಿ, ಜಾರಿದರೂ ಒಡೆಯದಂತೆ ಅದರ ಮೇಲೆ ಹಿಡಿದು, ಮೆತ್ತನೆಯ ಬ್ರಷ್ಷು, ಸ್ವಲ್ಪ ಸೋಪಿನಲ್ಲಿ ಉಜ್ಜುತ್ತಾರೆ. ಪೇಸ್ಟು ಗೀರು ಮಾಡುತ್ತದೆಂದು ಮುಟ್ಟುವುದಿಲ್ಲ. ಒಸಡು, ನಾಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಸೆಟ್ಟು ಮುಚ್ಚಳದ ಡಬ್ಬಿಯಲ್ಲಿ ತಣ್ಣೀರಿನಲ್ಲಿ ಮಲಗುತ್ತದೆ. ಒಣಗಿದರೆ ಆಕಾರ ಕೆಡುತ್ತದೆ, ರಾತ್ರಿಯಿಡೀ ಬಾಯಲ್ಲೇ ಬಿಟ್ಟರೆ ಅಂಗುಳ ಕೆಂಪೇರಿ ಬೂಷ್ಟು ಹಿಡಿಯುತ್ತದೆ. ಸೆಟ್ಟು ನೆನೆಸಲು ಮೊಮ್ಮಗ ತಂದುಕೊಟ್ಟ ನೊರೆ ಬರುವ ಮಾತ್ರೆಯನ್ನು ಯಜಮಾನರು ಗ್ಯಾಸಿನದೆಂದು ಲೋಟಕ್ಕೆ ಹಾಕಿ ಎತ್ತಿದ್ದರು. ಅಜ್ಜಿ ಕಿತ್ತುಕೊಂಡರು.

ಹಲ್ಲುಸೆಟ್ಟು ಎಷ್ಟು ವರ್ಷ ಬರುತ್ತದೆ ಎಂಬುದಕ್ಕೆ ಆ ಮನೆಯಲ್ಲಿ ಎರಡು ಉತ್ತರಗಳಿವೆ. ಅಜ್ಜಿಯದು ಎಂಟನೆಯ ವರ್ಷಕ್ಕೆ ನಡೆಯುತ್ತಿದೆ, ಬದಲಿಸುವ ಮಾತು ಆಗಿದೆ. ಯಜಮಾನರದು ಮುಂದಿನ ಬೀಗರೂಟದ ತನಕ. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಸೆಟ್ಟು ಮಾಡಿಸಿ ಎಷ್ಟು ವರ್ಷವಾಯಿತು ಎಂದು ಕೇಳಿ. ಐದು ದಾಟಿದ್ದರೆ, ಸಡಿಲವಾಗಿದ್ದರೆ, ಅಥವಾ ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ಅದರಲ್ಲೂ ಹೊಗೆಸೊಪ್ಪಿನ ಅಭ್ಯಾಸವಿದ್ದರೆ, ತಡಮಾಡದೆ ದಂತವೈದ್ಯರ ಬಳಿ ಕರೆದುಕೊಂಡು ಹೋಗಿ. ಬರುವುದಿಲ್ಲ ಎನ್ನುತ್ತಾರೆ. ಮದುವೆ ಇದೆ ಎಂದು ಹೇಳಿ, ಬರುತ್ತಾರೆ.